ಇಥಿಯೋಪಿಯಾಕ್ಕೆ ಪಲ್ಪಿಂಗ್ ಯಂತ್ರ ಚಾಲೂ ಮಾಡಲು ಒಬ್ಬಳೇ ಹೊರಟಿದ್ದೇನೆ, ಹೋಗಿಬಂದವರು ಹೇಳಿ

ಶನಿವಾರಸಂತೆಯವಳು

ಎಲ್ಲರಿಗೂ ನಮಸ್ಕಾರ. ನಮ್ಮದು ಶನಿವಾರಸಂತೆ ಹತ್ತಿರದ ಹಳ್ಳಿ. ಮನೆಯಲ್ಲಿ ನಾಲ್ಕು ಎಕರೆ ಕಾಫಿ ಇದೆ. ಕುಶಾಲನಗರದಲ್ಲಿ ಮೆಕ್ಯಾನಿಕಲ್ ಮುಗಿಸಿ ಮೂರು ವರ್ಷದಿಂದ ಕೊಯಮತ್ತೂರಿನ ಒಂದು ಕಾಫಿ ಯಂತ್ರದ ಕಂಪನಿಯಲ್ಲಿದ್ದೇನೆ. ಸಕಲೇಶಪುರ, ವಯನಾಡು, ನಮ್ಮ ಸೋಮವಾರಪೇಟೆ ಕಡೆ ಎಲ್ಲ ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಕೂರಿಸಿ ಚಾಲೂ ಮಾಡಿದ್ದೇನೆ. ಆದರೆ ಅಲ್ಲೆಲ್ಲ ಏನಾದರೂ ಕೆಟ್ಟರೆ ಸಂಜೆ ಬಸ್ಸಿಗೆ ಸ್ಪೇರ್ ಬರುತ್ತಿತ್ತು, ಸೀನಿಯರ್ ಫೋನಿನಲ್ಲಿ ಇರುತ್ತಿದ್ದರು.

ಈಗ ಇಥಿಯೋಪಿಯಾದ ಜಿಮ್ಮಾ ಕಡೆಗೆ ಕಳಿಸುತ್ತಿದ್ದಾರೆ. ಒಂದು ಪಲ್ಪರ್, ಲೋಳೆ ತೆಗೆಯುವ ವಾಷರ್, ಎರಡು ಡ್ರಮ್ ಡ್ರೈಯರ್, ಎಲಿವೇಟರ್, ಒಂದು ಪ್ಯಾನಲ್. ಜೊತೆಗೆ ಬರಬೇಕಿದ್ದ ಸೀನಿಯರ್ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದಾರೆ. ಹಾಗಾಗಿ ಒಬ್ಬಳೇ. ಅಕ್ಟೋಬರ್ ಮೊದಲ ವಾರ ಹಣ್ಣು ಶುರುವಾಗುತ್ತೆ, ಅಷ್ಟರಲ್ಲಿ ಓಡಬೇಕು ಅಂತ ಅಲ್ಲಿಯ ಮಾಲೀಕರು ದಿನಾ ಮೇಲ್ ಹಾಕುತ್ತಿದ್ದಾರೆ. ಕರೆಂಟು ಬಂದಿದೆ ಅಂತ ಬರೆದಿದ್ದಾರೆ. ಕಳಿಸಿದ ಫೋಟೋದಲ್ಲಿ ಟ್ರಾನ್ಸ್‌ಫಾರ್ಮರ್ ಕಾಣುತ್ತೆ, ಶೆಡ್ಡು ಕಾಣುತ್ತೆ, ಎರಡಕ್ಕೂ ನಡುವೆ ವೈರು ಕಾಣುವುದಿಲ್ಲ.

ನಾನು ಮೆಕ್ಯಾನಿಕಲ್. ಬೇರಿಂಗು, ಬೆಲ್ಟು, ಡಿಸ್ಕಿನ ಗ್ಯಾಪು ಇದರಲ್ಲಿ ನನಗೆ ಧೈರ್ಯ ಇದೆ. ಕರೆಂಟಿನ ಕಡೆ ಅಷ್ಟಿಲ್ಲ. ಅಮ್ಮ ಊಟದ ಚಿಂತೆ ಮಾಡುತ್ತಿದ್ದಾರೆ, ಅಪ್ಪ ಏನೂ ಹೇಳುತ್ತಿಲ್ಲ, ಅದೇ ಹೆಚ್ಚು ಕಷ್ಟ. ಆಫ್ರಿಕಾ ಕಡೆ ಇಂಥ ಕೆಲಸ ಮಾಡಿ ಬಂದವರು ಇದ್ದರೆ ದಯವಿಟ್ಟು ಹೇಳಿ. ಏನು ತಗೊಂಡು ಹೋಗಲಿ, ಮೊದಲ ದಿನ ಏನು ನೋಡಲಿ, ಎಲ್ಲಿ ಎಡವುತ್ತಾರೆ?

ಗೋಣಿಕೊಪ್ಪದಿಂದ

ಒಳ್ಳೆಯದಾಗಲಿ. ಮೊದಲು ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಿ, ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ ಆಗಿರಬೇಕು. ಆ ಹಳದಿ ಪುಸ್ತಕ ಇಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಪ್ರತ್ಯೇಕ ಇರಿಸಬಹುದು. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತೆ. ವೀಸಾ ಯಾವ ಬಗೆಯದು ಅಂತ ಕಂಪನಿಯನ್ನು ಬರಹದಲ್ಲಿ ಕೇಳಿ, ಟೂರಿಸ್ಟ್ ವೀಸಾದಲ್ಲಿ ಕೆಲಸಕ್ಕೆ ಹೋಗಬೇಡಿ. ಕಾರ್ಡ್‌ಲೆಸ್ ಡ್ರಿಲ್ಲಿನ ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಸ್ಪ್ಯಾನರ್ ಸ್ಕ್ರೂಡ್ರೈವರ್ ಎಲ್ಲ ಚೆಕ್‌-ಇನ್ ಬ್ಯಾಗಿಗೆ. ಇದು ತಿರುಗಾಮುರುಗಾ ಆದರೆ ಎರಡೂ ಹೋಗುತ್ತೆ.

ಉಳಿದದ್ದು ಅಷ್ಟು ತಲೆಬಿಸಿ ಮಾಡಿಕೊಳ್ಳಬೇಡಿ. ಅರ್ಧ ಗಂಟೆ ಓಡಿಸಿ ತೋರಿಸಿ, ಸಹಿ ಹಾಕಿಸಿಕೊಂಡು ಬನ್ನಿ. ಆಮೇಲೆ ಬಂದ ತೊಂದರೆ ಸರ್ವಿಸ್‌ನವರದ್ದು. ನಾನು ಗಲ್ಫಿನಲ್ಲಿ ಹತ್ತು ವರ್ಷ ಹಾಗೇ ಮಾಡಿದ್ದು.

ಚೆಟ್ಟಳ್ಳಿ ತೋಟದವ

ತಂಗಿ, ನಾನು 2016ರ ಅಕ್ಟೋಬರಿನಲ್ಲಿ ಅದೇ ಜಿಮ್ಮಾದಿಂದ ಆಚೆ ಅಗಾರೊ ಕಡೆಯ ಒಂದು ವಾಷಿಂಗ್ ಸ್ಟೇಶನ್ನಿನಲ್ಲಿ (ಹಣ್ಣು ಸುಲಿದು ತೊಳೆಯುವ ಘಟಕ) ಇದೇ ಕೆಲಸ ಮಾಡಿದ್ದೇನೆ. ಆಗ ಬೇರೆ ಕಂಪನಿ, ಈಗ ಬಿಟ್ಟು ತೋಟ ನೋಡಿಕೊಂಡು ಇದ್ದೇನೆ. ನಿನ್ನ ಪ್ರಶ್ನೆ ಓದಿದ ಮೇಲೆ ಹಳೆಯ ಡೈರಿ ತೆಗೆದು ಕೂತೆ. ಉದ್ದ ಆಗುತ್ತೆ, ಆದರೆ ಪೂರ್ತಿ ಓದು.

ಗೋಣಿಕೊಪ್ಪದ ಅಣ್ಣ ಹೇಳಿದ ಲಸಿಕೆ, ವೀಸಾ ಎಲ್ಲ ಸರಿ. ಅರ್ಧ ಗಂಟೆ ಓಡಿಸಿ ಸಹಿ ಹಾಕಿಸಿಕೊಂಡು ಬಾ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಲ್ಲಿ ಸರ್ವಿಸ್‌ನವರು ಅಂತ ಯಾರೂ ಇಲ್ಲ. ನೀನು ಬಿಟ್ಟುಬಂದ ಹಾಗೆ ಯಂತ್ರ ಇರುತ್ತೆ, ಮುಂದಿನ ಹಂಗಾಮಿನವರೆಗೆ.

ನನಗೆ ಆದದ್ದು ಹೇಳುತ್ತೇನೆ. ನಾನು ಹೋದ ತಿಂಗಳೇ ಆ ದೇಶದಲ್ಲಿ ತುರ್ತು ಪರಿಸ್ಥಿತಿ ಹೇರಿದರು, ಅಕ್ಟೋಬರ್ 9ಕ್ಕೆ. ಒರೊಮಿಯಾ ಪ್ರಾಂತ್ಯದಲ್ಲಿ ಗಲಾಟೆ ಇತ್ತು, ಜಿಮ್ಮಾ ಇರುವುದೂ ಅದೇ ಪ್ರಾಂತ್ಯದಲ್ಲಿ. ಮೊಬೈಲ್ ಇಂಟರ್ನೆಟ್ ನಿಲ್ಲಿಸಿಬಿಟ್ಟರು. ಪ್ಯಾನಲ್ಲಿನ ಡ್ರಾಯಿಂಗು, ಮೋಟರಿನ ವಿವರ, ಎಲ್ಲ ನನ್ನ ಮೇಲ್‌ನಲ್ಲಿ ಇತ್ತು. ಕೈಯಲ್ಲಿ ಇದ್ದದ್ದು ಪ್ಯಾಕಿಂಗ್ ಲಿಸ್ಟು ಮತ್ತು ಪಲ್ಪರಿನ ಒಂದು ಕೈಪಿಡಿ. ಕೊಯಮತ್ತೂರಿಗೆ ಒಂದು ಫೋಟೋ ಕಳಿಸಲು ಆಗಲಿಲ್ಲ. ಹಾಗಾಗಿ ಮೊದಲ ಮಾತು, ಎಲ್ಲ ಡ್ರಾಯಿಂಗನ್ನೂ ಕಾಗದದಲ್ಲಿ ತಗೊಂಡು ಹೋಗು. ಎರಡು ಪ್ರತಿ, ಒಂದು ಬ್ಯಾಗಿನಲ್ಲಿ, ಒಂದು ಪ್ಯಾನಲ್ಲಿನ ಬಾಗಿಲ ಒಳಗೆ.

ಕಂಟೇನರು ಜಿಬೂತಿ ಬಂದರಿನಲ್ಲಿ ಐದು ವಾರ ನಿಂತಿತ್ತು. ಇಥಿಯೋಪಿಯಾಕ್ಕೆ ಸಮುದ್ರ ಇಲ್ಲ, ಹೆಚ್ಚುಕಡಿಮೆ ಎಲ್ಲ ಜಿಬೂತಿಯಿಂದಲೇ ಬರಬೇಕು. ಅದು ಸುಡುವ ಬಿಸಿಲು, ಸಮುದ್ರದ ತೇವ, ಎರಡೂ ಇರುವ ಜಾಗ. ಹಗಲು ಕಾದ ಕಬ್ಬಿಣದ ಪೆಟ್ಟಿಗೆ ರಾತ್ರಿ ಒಳಗೇ ಬೆವರುತ್ತೆ. ಬಾಗಿಲು ತೆಗೆದಾಗ ಮೋಟರುಗಳ ಮೇಲೆ ತೇವ ಒಣಗಿದ ಗುರುತು ಕಾಣುತ್ತಿತ್ತು. ನೋಡಿದೆ. ಒರೆಸಿದೆ. ಮೆಗ್ಗರ್ (ಕಾಯಿಲಿನ ಇನ್ಸುಲೇಷನ್ ಸರಿ ಇದೆಯಾ ಅಂತ ಅಳೆಯುವ ಮೀಟರು) ಹಾಕಬೇಕು ಅಂತ ಮನಸ್ಸಿಗೆ ಬಂದಿತ್ತು.

ಹಾಕಲಿಲ್ಲ. ಯಾಕೆ ಅಂದರೆ ಅಂದು ಸಂಜೆ ಹಣ್ಣು ಬಂತು. ಯಂತ್ರ ಬಂದಿದೆ ಅನ್ನುವ ಸುದ್ದಿ ಊರಿಗೆ ಹೋಗಿ, ಗುಡ್ಡದ ಕಡೆಯಿಂದ ಜನ ಚೀಲ ಹೊತ್ತು, ಕತ್ತೆಯ ಮೇಲೆ ಹೇರಿ ಇಳಿದು ಬಂದರು. ಕೆಂಪು ಅರೇಬಿಕಾ, ಒಂದೊಂದೂ ಆರಿಸಿ ಕಿತ್ತ ಹಣ್ಣು. ನಮ್ಮಲ್ಲೂ ಅಷ್ಟೇ ಅಲ್ಲವಾ, ಕಿತ್ತ ಹಣ್ಣು ರಾತ್ರಿ ಗೋಣಿಯಲ್ಲಿ ಉಳಿದರೆ ಬೆಳಗ್ಗೆ ಕೈ ಹಾಕಿದಾಗ ಬಿಸಿ, ಹುಳಿ ವಾಸನೆ. ಅದು ಪಲ್ಪಿಂಗಿಗೆ ಹೋದರೂ ಕುಡಿಯುವಾಗ ರುಚಿಯಲ್ಲಿ ಗೊತ್ತಾಗುತ್ತೆ. ಆ ಚೀಲಗಳನ್ನು ನೋಡಿ ನನಗೆ ನಮ್ಮ ಅಪ್ಪ ಪಲ್ಪರ್ ಕೆಟ್ಟ ರಾತ್ರಿ ಲಾಟೀನು ಹಿಡಿದು ಓಡಾಡುತ್ತಿದ್ದದ್ದು ನೆನಪಾಯಿತು. ಕಾಫಿಯವರ ಮನೆಯಲ್ಲಿ ಹುಟ್ಟಿದವನಿಗೆ ಆ ಸಾಲನ್ನು ನೋಡಿಕೊಂಡು ಸುಮ್ಮನೆ ನಿಲ್ಲಲು ಆಗುವುದಿಲ್ಲ. ಸ್ವಿಚ್ ಹಾಕಿದೆ.

ಹದಿನೈದು ನಿಮಿಷ ಚೆನ್ನಾಗಿ ಓಡಿತು. ಜನ ಚಪ್ಪಾಳೆ ಹೊಡೆದರು. ಆಮೇಲೆ ವಾಷರಿನ ಮೋಟರಿನಿಂದ ವಾರ್ನಿಶ್ ಸುಟ್ಟ ವಾಸನೆ ಬಂತು, ನಾನು ಸ್ವಿಚ್ ತಲುಪುವ ಮೊದಲೇ ನಿಂತಿತು. ಆಗ ಮೆಗ್ಗರ್ ತೆಗೆದು ಉಳಿದ ಮೋಟರುಗಳಿಗೆ ಹಾಕಿದೆ. ಒಂದು 0.3 ಮೆಗಾಓಂ, ಇನ್ನೊಂದು 0.5. ಒಂದಕ್ಕಿಂತ ಕಡಿಮೆ ಇದ್ದರೆ ಕರೆಂಟು ಕೊಡಲೇಬಾರದು ಅನ್ನುವುದು ನಾನೇ ಹೊಸ ಹುಡುಗರಿಗೆ ಹೇಳಿಕೊಡುತ್ತಿದ್ದ ಪಾಠ.

ಅಷ್ಟು ಹಣ್ಣನ್ನೂ ಎತ್ತರದ ಬೆಡ್ಡುಗಳ ಮೇಲೆ ಹರವಿ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಮಾಡಿದರು. ನಮ್ಮಲ್ಲಿ ಕಣದ ಮೇಲೆ ಒಣಗಿಸುತ್ತೇವೆ, ಅಲ್ಲಿ ಕಂಬ ನೆಟ್ಟು, ಸೊಂಟದೆತ್ತರಕ್ಕೆ ಬಲೆ ಕಟ್ಟಿ ಅದರ ಮೇಲೆ. ಅಲ್ಲಿ ಆರಿಸುವುದು, ಕೈಯಾಡಿಸುವುದು ಹೆಚ್ಚಾಗಿ ಹೆಂಗಸರ ಕೆಲಸ. ಟಾರ್ಚ್ ಬೆಳಕಿನಲ್ಲಿ ನಡುರಾತ್ರಿ ದಾಟುವವರೆಗೆ ಅವರ ಜೊತೆ ನಾನೂ ಹರವಿದೆ. ಪಾರ್ಚ್‌ಮೆಂಟ್ (ಸಿಪ್ಪೆ, ಲೋಳೆ ತೆಗೆದು ಒಣಗಿಸಿದ ಕಾಫಿ) ಆಗಬೇಕಿದ್ದ ಹಣ್ಣು ಚೆರಿ ಆಯಿತು, ಆ ಸ್ಟೇಶನ್ನಿಗೆ ಬೆಲೆಯಲ್ಲಿ ಪೆಟ್ಟು ಬಿತ್ತು. ಮ್ಯಾನೇಜರು ನನಗೆ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಇವತ್ತಿಗೂ ಅನಿಸುತ್ತೆ.

ಮರುದಿನ ಸುಟ್ಟ ಮೋಟರನ್ನು ಗಾಡಿಗೆ ಹಾಕಿಕೊಂಡು ಜಿಮ್ಮಾಕ್ಕೆ ಹೋದೆವು. ದಾರಿಯಲ್ಲಿ ಮೂರು ಕಡೆ ತಡೆದು ತಪಾಸಣೆ. ಕಾಯಿಲ್ ಕಟ್ಟುವವನು ಒಬ್ಬ ಸಿಕ್ಕಿದ. ಸುಂಟಿಕೊಪ್ಪದ ರೀವೈಂಡಿಂಗ್ ಅಂಗಡಿಯ ಹಾಗೇ ಇತ್ತು ಅವನ ಅಂಗಡಿ, ಅದೇ ವಾರ್ನಿಶ್ ಡಬ್ಬಿ, ಅದೇ ಬಿದಿರಿನ ಕಡ್ಡಿ. ಹಳೆಯ ಕಾಯಿಲಿನ ಸುತ್ತು ಎಣಿಸಿ ಸುಣ್ಣದ ಕಡ್ಡಿಯಲ್ಲಿ ಗೋಡೆಯ ಮೇಲೆ ಬರೆದುಕೊಂಡ. ನಾಡಿದ್ದು ನಾಲ್ಕು ಗಂಟೆಗೆ ಬನ್ನಿ ಅಂದ. ನಾನು ಮಧ್ಯಾಹ್ನ ನಾಲ್ಕಕ್ಕೆ ಹೋದೆ. ಅಂಗಡಿ ಮುಚ್ಚಿತ್ತು.

ಅಲ್ಲಿ ದಿನದ ಗಂಟೆ ಸೂರ್ಯ ಹುಟ್ಟಿದಾಗಿನಿಂದ ಎಣಿಸುತ್ತಾರೆ. ನಮ್ಮ ಬೆಳಗ್ಗೆ ಏಳು ಅವರಿಗೆ ಒಂದು ಗಂಟೆ. ಅವನು ಹೇಳಿದ ನಾಲ್ಕು ಅಂದರೆ ಬೆಳಗ್ಗೆ ಹತ್ತು. ಕಾದು ಕಾದು ಊರಿಗೆ ಹೋಗಿದ್ದ. ಇನ್ನೊಂದು ದಿನದ ಹಣ್ಣು ಬೆಡ್ಡಿಗೆ ಹೋಯಿತು. ಯಾರು ಯಾವ ಗಂಟೆ ಹೇಳಿದರೂ ನಮ್ಮ ಲೆಕ್ಕವೋ ನಿಮ್ಮ ಲೆಕ್ಕವೋ ಅಂತ ಕೇಳು, ಅವರಿಗೆ ಅದು ಅಭ್ಯಾಸ ಉಂಟು, ಬೇಸರ ಮಾಡಿಕೊಳ್ಳುವುದಿಲ್ಲ. ತಾರೀಕೂ ಹಾಗೇ. ಅವರ ವರ್ಷ ಸೆಪ್ಟೆಂಬರ್ 11ರ ಹೊತ್ತಿಗೆ ಶುರು, ತಿಂಗಳು 13. ನಾನು ಇದ್ದ 2016ರ ಅಕ್ಟೋಬರ್ ಅವರ ಪುಸ್ತಕದಲ್ಲಿ 2009. ಕಮಿಷನಿಂಗ್ ಸರ್ಟಿಫಿಕೇಟಿನಲ್ಲಿ ಎರಡೂ ತಾರೀಕು ಬರೆ, ವಾರಂಟಿ ಲೆಕ್ಕ ಅಲ್ಲಿಂದಲೇ ಶುರುವಾಗುವುದು.

ಈಗ ಕರೆಂಟಿನ ವಿಷಯ. ಅಲ್ಲಿ ಮೂರು ಫೇಸಿಗೆ 380 ವೋಲ್ಟು. ನಿಮ್ಮ ಮೋಟರಿನ ಪ್ಲೇಟಿನಲ್ಲಿ 415 ಇದ್ದರೆ ಅಲ್ಲೇ ಒಂದು ಕೊರತೆ. ನನ್ನ ಸೈಟಿನಲ್ಲಿ ಎಲ್ಲ ಓಡುವಾಗ ಅಳೆದರೆ 345 ಇತ್ತು. ಮೋಟರಿನ ತಿರುಚುಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತೆ, ಹಾಗಾಗಿ 415ರ ಮೋಟರಿಗೆ 345 ಸಿಕ್ಕಿದರೆ ಬಲ ಮೂರರಲ್ಲಿ ಎರಡು ಪಾಲಿನಷ್ಟೇ. ತುಂಬಿದ ಎಲಿವೇಟರು ಎಳೆಯುವುದಿಲ್ಲ, ಸ್ಟಾರಿನಿಂದ ಡೆಲ್ಟಾಕ್ಕೆ (ಮೆಲ್ಲನೆ ಚಾಲೂ ಆಗಿ ಪೂರ್ತಿ ವೋಲ್ಟೇಜಿಗೆ) ಹೋಗುವಾಗ ಓವರ್‌ಲೋಡ್ ಟ್ರಿಪ್ಪಾಗುತ್ತೆ. ಯಾರಾದರೂ ರಿಲೇ ಸೆಟ್ಟಿಂಗ್ ಏರಿಸು ಅನ್ನುತ್ತಾರೆ. ಏರಿಸಬೇಡ, ಆ ರಿಲೇ ನಿನ್ನ ಮೋಟರನ್ನು ಕಾಯುತ್ತಾ ಕೂತಿದೆ. ಕಂಪನಿಗೆ ಈಗಲೇ ಹೇಳಿ 380ರ ಮೋಟರು ಹಾಕಿಸು. ಕಂಟೇನರು ಹೊರಟಿದ್ದರೆ, ಅಲ್ಲಿ ಜನರೇಟರಿನ ವೋಲ್ಟೇಜನ್ನು 400ರ ಮೇಲೆ ಇಟ್ಟು ಓಡಿಸಬಹುದು, ಆದರೆ ಆ ಜನರೇಟರಿನ ಮೇಲೆ ಬೇರೆ ದೀಪ, ಟಿವಿ ಇಲ್ಲ ಅಂತ ನೋಡಿಕೊಂಡ ಮೇಲೆ.

ಎತ್ತರದ ಲೆಕ್ಕವೂ ಉಂಟು. ಕೊಯಮತ್ತೂರು 400 ಮೀಟರ್ ಚಿಲ್ಲರೆ, ಅಲ್ಲಿ ಟೆಸ್ಟ್ ಮಾಡಿ ಸರಿ ಅಂದ ಯಂತ್ರ. ಸಾಮಾನ್ಯ ಮೋಟರಿನ ಪ್ಲೇಟು ಹೇಳುವುದು 1,000 ಮೀಟರಿನವರೆಗಿನ ಮಾತು. ನಮ್ಮ ಮಡಿಕೇರಿಯಲ್ಲೇ ಅದು ದಾಟುತ್ತೆ. ನನ್ನ ಸೈಟು ಸುಮಾರು 1,900. ಅಲ್ಲಿ ಗಾಳಿ ಐದರಲ್ಲಿ ಒಂದು ಪಾಲಿನಷ್ಟು ತೆಳು. ಮೋಟರು ತಣ್ಣಗಾಗುವುದು ಕಡಿಮೆ. ಟರ್ಬೊ ಇಲ್ಲದ ಜನರೇಟರು ಆದರೆ ನೂರು ಮೀಟರಿಗೆ ಸುಮಾರು ಶೇಕಡಾ 1ರಂತೆ ಶಕ್ತಿ ಇಳಿಯುತ್ತೆ. ಡ್ರೈಯರಿನ ಫ್ಯಾನಿನಲ್ಲಿ ಒಂದು ಮೋಸ ಉಂಟು: ತೆಳು ಗಾಳಿಗೆ ಫ್ಯಾನು ಕಡಿಮೆ ಆಂಪ್ಸ್ ಎಳೆಯುತ್ತೆ, ನೋಡಿದರೆ ಎಲ್ಲ ಆರಾಮ ಅನಿಸುತ್ತೆ, ಆದರೆ ಕಾಫಿಗೆ ಹೋಗುವ ಗಾಳಿಯ ತೂಕ ಕಡಿಮೆ. ಇಲ್ಲಿ ತೆಗೆದುಕೊಂಡ ಹೊತ್ತಿಗಿಂತ ಅಲ್ಲಿ ಹೆಚ್ಚು ಬೇಕು. ಬೇಗ ಒಣಗಲಿ ಅಂತ ಬೆಂಕಿ ಏರಿಸಲು ಬಿಡಬೇಡ. ಕಾಳಿನ ಬಿಸಿ 40 ಡಿಗ್ರಿ ದಾಟಿದರೆ ಅಷ್ಟು ದಿನದ ಶ್ರಮ ಹಾಳು.

ಇನ್ನೊಂದು. ರೀವೈಂಡ್ ಮಾಡಿದ ಮೋಟರು ಬಂದು ಎಲ್ಲ ಓಡಿದ ಮೇಲೆ ವಾಷರಿಗೆ ನೀರು ಸಾಲುತ್ತಿಲ್ಲ ಅಂದರು. ಪಂಪು ಓಡುತ್ತಿದೆ, ನೀರೂ ಬರುತ್ತಿದೆ, ಆದರೆ ಒತ್ತಡ ಇಲ್ಲ. ಲೋಳೆ ಹೋಗದೆ ಪಾರ್ಚ್‌ಮೆಂಟ್ ಜಾರುತ್ತಿತ್ತು. ಎರಡು ದಿನ ಪೈಪು ಬಿಚ್ಚಿದೆ, ಫುಟ್‌ವಾಲ್ವ್ ತೊಳೆದೆ, ತೊರೆಗೆ ಹೋಗಿ ನೋಡಿದೆ. ಕೊನೆಗೆ ತಿಳಿದದ್ದು, ಲೈನಿನ ಕರೆಂಟು ಬಂದಾಗ ಪಂಪು ಸರಿಯಾಗಿ ತಿರುಗುತ್ತೆ, ಜನರೇಟರಿಗೆ ಬದಲಾಯಿಸಿದಾಗ ಉಲ್ಟಾ. ಎರಡರ ಫೇಸ್ ಕ್ರಮ (ಮೂರು ವೈರಿಗೆ ಕರೆಂಟು ಬರುವ ಸರದಿ) ಬೇರೆ. ಸೆಂಟ್ರಿಫ್ಯೂಗಲ್ ಪಂಪು ಉಲ್ಟಾ ತಿರುಗಿದರೂ ನೀರು ಅದೇ ಕಡೆಗೆ ಕೊಡುತ್ತೆ, ಕಡಿಮೆ ಕೊಡುತ್ತೆ ಅಷ್ಟೇ. ಡ್ರೈಯರಿನ ಬ್ಲೋವರೂ ಹಾಗೇ, ಗಾಳಿ ಅದೇ ಬಾಯಿಂದ ಬರುತ್ತೆ. ಹಾಗಾಗಿ ನೀರು ಬಂತು, ಗಾಳಿ ಬಂತು ಅಂತ ನಂಬಬೇಡ, ದಂಡ ತಿರುಗುವ ದಿಕ್ಕನ್ನು ಬಾಣದ ಗುರುತಿಗೆ ಹೋಲಿಸಿ ಕಣ್ಣಾರೆ ನೋಡು, ಲೈನಿನಲ್ಲಿ ಒಮ್ಮೆ, ಜನರೇಟರಿನಲ್ಲಿ ಒಮ್ಮೆ. ಜನರೇಟರಿನ ಕಡೆ ಎರಡು ವೈರು ಅದಲುಬದಲು ಮಾಡಿದೆ, ಐದು ನಿಮಿಷದ ಕೆಲಸ.

ತಗೊಂಡು ಹೋಗಬೇಕಾದದ್ದು ಅಂತ ಕೇಳಿದೆಯಲ್ಲ. ಕ್ಲ್ಯಾಂಪ್ ಮೀಟರ್, 500 ವೋಲ್ಟಿನ ಮೆಗ್ಗರ್, ಫೇಸ್ ಸೀಕ್ವೆನ್ಸ್ ಮೀಟರ್, ಪ್ರತಿ ಸೈಜಿನ ಒಂದೊಂದು ಕಾಂಟ್ಯಾಕ್ಟರು, ಓವರ್‌ಲೋಡ್ ರಿಲೇ, ಫ್ಯೂಸು, ಎರಡು ಸೆಟ್ ಬೆಲ್ಟು. ಎಲ್ಲಕ್ಕಿಂತ ಮೊದಲು ಒಂದು ಬೀಗ. ಸಾಧಾರಣ ಬೀಗವೇ ಸಾಕು, ಕೀಲಿ ಒಂದೇ ಇರಲಿ, ಅದು ನಿನ್ನ ಜೇಬಿನಲ್ಲೇ ಇರಲಿ. ಡ್ರಮ್ಮಿನ ಒಳಗೆ, ಎಲಿವೇಟರಿನ ಬುಡದಲ್ಲಿ ಕೈ ಹಾಕುವ ಮುಂಚೆ ಮೇನ್ ಸ್ವಿಚ್ಚಿಗೆ ಹಾಕು. ಅಲ್ಲಿ ನಿನ್ನ ಭಾಷೆ ಯಾರಿಗೂ ಬರುವುದಿಲ್ಲ. ನಾನು ಡ್ರೈಯರಿನ ಒಳಗೆ ಬೋಲ್ಟು ಬಿಗಿಮಾಡುತ್ತಿದ್ದಾಗ ಕರೆಂಟು ಹೋಗಿ ಬಂತು ಅಂತ ಒಬ್ಬ ಹುಡುಗ ಒಳ್ಳೆಯ ಮನಸ್ಸಿನಿಂದ ಸ್ಟಾರ್ಟರ್ ಒತ್ತಿದ. ಬೀಗ ಇತ್ತು, ಡ್ರಮ್ಮು ತಿರುಗಲಿಲ್ಲ. ಅವನು ಒತ್ತಿದ ಟಕ್ ಶಬ್ದ ಒಳಗಿನಿಂದ ನನಗೆ ಕೇಳಿಸಿತ್ತು.

ಊಟದ ಬಗ್ಗೆ ಅಮ್ಮನಿಗೆ ಹೇಳು, ಇಂಜೆರಾ ಅಂದರೆ ನಮ್ಮ ಹುಳಿ ಬಂದ ದೋಸೆಹಿಟ್ಟಿನ ರುಚಿಯದ್ದೇ, ತಟ್ಟೆಯಷ್ಟು ಅಗಲ. ಬುಧವಾರ ಶುಕ್ರವಾರ ಅಲ್ಲಿಯ ಆರ್ಥಡಾಕ್ಸ್ ಕ್ರೈಸ್ತರಿಗೆ ಉಪವಾಸ, ಆ ದಿನ ಬೇಳೆ, ಸೊಪ್ಪು ಧಾರಾಳ ಸಿಗುತ್ತೆ. ಕಾಫಿಗೆ ಕರೆದರೆ ಹೋಗು. ಕಣ್ಣೆದುರೇ ಹಸಿ ಬೀಜ ಹುರಿದು, ಕುಟ್ಟಿ, ಮಣ್ಣಿನ ಜೆಬೆನಾದಲ್ಲಿ ಕುದಿಸಿ ಮೂರು ಸುತ್ತು ಕೊಡುತ್ತಾರೆ. ಮೂರೂ ಕುಡಿದು ಏಳು, ಮಧ್ಯದಲ್ಲಿ ಎದ್ದರೆ ಅವರಿಗೆ ನೋವಾಗುತ್ತೆ.

ಮಕ್ಕಂದೂರು ಹಾದಿ

ಚೆಟ್ಟಳ್ಳಿಯವರು ಯಂತ್ರದ್ದೆಲ್ಲ ಹೇಳಿದ್ದಾರೆ. ನಾನು ಮನೆಯ ಕಡೆಯದ್ದು ಹೇಳುತ್ತೇನೆ, ಅದನ್ನು ಯಾರೂ ಚೆಕ್‌ಲಿಸ್ಟಿನಲ್ಲಿ ಬರೆಯುವುದಿಲ್ಲ.

2018ರ ಆಗಸ್ಟಿನಲ್ಲಿ ನಾನು ಉಗಾಂಡಾದ ಮಸಾಕಾದಲ್ಲಿದ್ದೆ. ರೋಬಸ್ಟಾ ಹಲ್ಲಿಂಗ್ ಘಟಕ, ಕಲರ್ ಸಾರ್ಟರ್ (ಬಣ್ಣ ನೋಡಿ ಕೆಟ್ಟ ಕಾಳನ್ನು ಗಾಳಿಯಿಂದ ಹಾರಿಸುವ ಯಂತ್ರ) ಕೂರಿಸುತ್ತಿದ್ದೆ. ಗಾಳಿಯ ಕಂಪ್ರೆಸರಿನಿಂದ ನೀರು ಬಂದು ಎಜೆಕ್ಟರ್ ವಾಲ್ವುಗಳು ಹಿಡಿದುಕೊಳ್ಳುತ್ತಿದ್ದವು, ನಾಲ್ಕು ದಿನದಿಂದ ಅದೇ ಕೆಲಸ. 17ನೇ ತಾರೀಕು ಬೆಳಗ್ಗೆ ಫೋನ್ ತೆಗೆದರೆ ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಅಂತ ಒಂದರ ಮೇಲೊಂದು ವಿಡಿಯೋ. ಗುಡ್ಡಕ್ಕೆ ಗುಡ್ಡವೇ ಕೆಳಗೆ ಬರುತ್ತಿರುವುದು. ನಮ್ಮ ಮನೆಗೆ ಫೋನ್ ಹೋಗುತ್ತಿಲ್ಲ. ಟವರುಗಳಿಗೆ ಕರೆಂಟು ಇರಲಿಲ್ಲ ಅಂತ ಆಮೇಲೆ ತಿಳಿದದ್ದು. ಎರಡು ದಿನ ನನಗೆ ಅಪ್ಪ ಅಮ್ಮ ಬದುಕಿದ್ದಾರಾ ಅಂತ ಗೊತ್ತಿರಲಿಲ್ಲ. ಆ ಎರಡು ದಿನವೂ ನಾನು ಕೆಲಸ ಮಾಡಿದೆ, ಯಾಕೆ ಮಾಡಿದೆ ಅಂತ ಗೊತ್ತಿಲ್ಲ, ಸುಮ್ಮನೆ ಕೂರಲು ಆಗುತ್ತಿರಲಿಲ್ಲ. ತಪ್ಪು ಸೆಟ್ಟಿಂಗ್ ಹಾಕಿ ಒಳ್ಳೆಯ ಕಾಳನ್ನೆಲ್ಲ ಕಸಕ್ಕೆ ಹಾರಿಸಿದೆ. ಅಲ್ಲಿಯ ಫೋರ್‌ಮನ್ ಯಂತ್ರ ನಿಲ್ಲಿಸಿ, ಹೆಗಲ ಮೇಲೆ ಕೈಹಾಕಿ ಹೊರಗೆ ಕರೆದುಕೊಂಡು ಹೋದರು.

ಮನೆಯವರು ಮಡಿಕೇರಿಯ ಪರಿಹಾರ ಕೇಂದ್ರದಲ್ಲಿದ್ದರು. ತೋಟದ ಮೇಲಿನ ಅರ್ಧ ಹೋಗಿತ್ತು. ನಾನು ಎಂಟೆಬ್ಬೆಯಿಂದ ಹೊರಟು ಬೆಂಗಳೂರಿಗೆ ಬಂದು, ಕುಶಾಲನಗರದ ಮೇಲೆ ಊರು ಸೇರುವಾಗ ಆ ವಿಡಿಯೋ ನೋಡಿ ಆರು ದಿನ ಆಗಿತ್ತು. ಟಿಕೆಟ್ ಬದಲಿಸಲು ಆಗದ ಬಗೆಯದ್ದು, ಹೊಸದು ತೆಗೆಯಲು ಕಂಪನಿಯ ಒಪ್ಪಿಗೆಗೆ ಎರಡು ದಿನ ಹೋಯಿತು.

ಹೊರಡುವ ಮೊದಲು ಇದನ್ನು ಮಾತಾಡಿಕೋ ತಂಗಿ. ಮನೆಯಲ್ಲಿ ಏನಾದರೂ ಆದರೆ ನಿನ್ನ ಬದಲು ಯಾರು ಬರುತ್ತಾರೆ, ಟಿಕೆಟಿಗೆ ಯಾರ ಒಪ್ಪಿಗೆ ಬೇಕು, ರಾತ್ರಿ ಫೋನ್ ಎತ್ತುವವರು ಯಾರು. ಹೆಸರು ಸಮೇತ ಬರೆಸಿಕೋ. ಹಾಗೇ ಮನೆಯವರಲ್ಲದೆ ಬೇರೆ ಟವರಿನ ಕೆಳಗೆ ಇರುವ ಇಬ್ಬರ ನಂಬರು ಇಟ್ಟುಕೋ. ನನಗೆ ಕೊನೆಗೆ ಸುದ್ದಿ ಹೇಳಿದ್ದು ಮೈಸೂರಿನಲ್ಲಿದ್ದ ಚಿಕ್ಕಮ್ಮ.

ಗೋಣಿಕೊಪ್ಪದಿಂದ

ಚೆಟ್ಟಳ್ಳಿಯವರೇ, ಅರ್ಧ ಗಂಟೆ ಸಾಕು ಅಂದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ನಾವು ಇದ್ದ ಕಡೆ ಫೋನ್ ಮಾಡಿದರೆ ಎರಡು ಗಂಟೆಯಲ್ಲಿ ಸ್ಪೇರ್ ಬರುತ್ತಿತ್ತು, ಆ ಲೆಕ್ಕದಲ್ಲಿ ಬರೆದೆ.

ಶನಿವಾರಸಂತೆಯವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚೆಟ್ಟಳ್ಳಿ ಅಣ್ಣ, ನಿಮ್ಮದನ್ನು ಪ್ರಿಂಟ್ ತೆಗೆದುಕೊಂಡೆ. ಮಕ್ಕಂದೂರಿನ ಅಣ್ಣ, ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಆಮೇಲೆ ಅಪ್ಪ ಮಾತಾಡಿದರು. ಚಿಕ್ಕಪ್ಪನ ಮನೆ ಹಾಸನದಲ್ಲಿದೆ, ಆ ನಂಬರು ಇಟ್ಟುಕೊಂಡಿದ್ದೇನೆ.

ಎರಡು ಅನುಮಾನ. ಪ್ಲೇಟು ನೋಡಿದೆ, 415 ಅಂತಲೇ ಇದೆ, ಕಂಟೇನರು ಆಗಲೇ ಹಡಗಿನಲ್ಲಿದೆ. ಮೆಗ್ಗರ್ ಹಾಕುವಾಗ ಪ್ಯಾನಲ್ಲಿನಿಂದಲೇ ಹಾಕಬಹುದಾ, ಪ್ರತಿ ಮೋಟರಿನ ಬಳಿ ಹೋಗಬೇಕಾ? ಪಲ್ಪರಿಗೆ ಡ್ರೈವ್ (ಮೋಟರಿನ ವೇಗ ಹೊಂದಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಇದೆ. ಇನ್ನೊಂದು, ಹಣ್ಣು ಬಂದು ನಿಂತಾಗ ಆಗಲ್ಲ ಅಂತ ಹೇಗೆ ಹೇಳಲಿ? ಅಲ್ಲಿ ಇರುವವರಲ್ಲಿ ನಾನೇ ಚಿಕ್ಕವಳು ಇರುತ್ತೇನೆ.

ಚೆಟ್ಟಳ್ಳಿ ತೋಟದವ

ಡ್ರೈವ್ ಇದ್ದರೆ ಪ್ಯಾನಲ್ಲಿನಿಂದ ಹಾಕಲೇಬೇಡ, 500 ವೋಲ್ಟು ಹಿಂದೆ ಹೋಗಿ ಡ್ರೈವಿನ ಹೊಟ್ಟೆ ಸುಡುತ್ತೆ. ಮೋಟರಿನ ಟರ್ಮಿನಲ್ ಪೆಟ್ಟಿಗೆ ತೆಗೆದು ಕೇಬಲ್ ಬಿಚ್ಚಿ, ಅಲ್ಲೇ ಹಾಕು. ಕಡಿಮೆ ಬಂದರೆ ಮುಚ್ಚಳ ತೆಗೆದು, ಒಳಗೆ 100 ವ್ಯಾಟಿನ ಹಳೆಯ ಬಲ್ಬು ಉರಿಸಿ, ಮೇಲೆ ಗೋಣಿ ಹೊದಿಸು. ಗೋಣಿ ಬಲ್ಬಿಗೆ ತಾಗಬಾರದು. ಬಲ್ಬು ಇಲ್ಲಿಂದಲೇ ತಗೊಂಡು ಹೋಗು, ಈಗ ಎಲ್ಲ ಕಡೆ ಎಲ್‌ಇಡಿ, ಅದರಲ್ಲಿ ಬಿಸಿ ಬರುವುದಿಲ್ಲ.

ಹೇಗೆ ಹೇಳಲಿ ಅಂದೆಯಲ್ಲ. ಹಣ್ಣು ಬಂದ ಮೇಲೆ ಹೇಳಲು ಆಗುವುದಿಲ್ಲ, ನನಗೂ ಆಗಲಿಲ್ಲ. ಮೊದಲ ದಿನವೇ ಮ್ಯಾನೇಜರನ್ನು ಕರೆದು ಮೀಟರಿನಲ್ಲಿ ಅಂಕಿ ತೋರಿಸು, ಒಂದು ಹಾಳೆಯಲ್ಲಿ ಮೋಟರಿನ ಹೆಸರು, ಅಂಕಿ ಬರೆದು ಶೆಡ್ಡಿನ ಬಾಗಿಲಿಗೆ ಅಂಟಿಸು. ಈ ಅಂಕಿ ಒಂದನ್ನು ದಾಟುವವರೆಗೆ ಹಣ್ಣು ತಗೊಳ್ಳಬೇಡಿ, ತಗೊಂಡರೆ ಬೆಡ್ಡಿಗೆ ಹಾಕಲು ಜಾಗ ಮಾಡಿಕೊಳ್ಳಿ ಅಂತ ಅವತ್ತೇ ಹೇಳು. ಬೇಡ ಅಂದದ್ದು ಮೀಟರು, ನೀನಲ್ಲ. ವಯಸ್ಸಿನ ಮಾತು ಅಲ್ಲಿ ಬರುವುದಿಲ್ಲ.

ಶನಿವಾರಸಂತೆಯವಳು

ಸೈಟಿನಿಂದ ಬರೆಯುತ್ತಿದ್ದೇನೆ. ಗುಡ್ಡದ ಮೇಲಿನ ಚರ್ಚಿನ ಹತ್ತಿರ ಮಾತ್ರ ನೆಟ್‌ವರ್ಕ್ ಸಿಗುತ್ತೆ. ವೈರು ನಿಜಕ್ಕೂ ಎಳೆದಿರಲಿಲ್ಲ, ಈಗ ಎಳೆದಿದ್ದಾರೆ. ಲೈನಿನಲ್ಲಿ 362, ಜನರೇಟರಿನಲ್ಲಿ 405ಕ್ಕೆ ಇಟ್ಟಿದ್ದೇನೆ. ಫೇಸ್ ಕ್ರಮ ಎರಡಕ್ಕೂ ಒಂದೇ ಇದೆ, ಎರಡು ಸಲ ನೋಡಿದೆ.

ಎರಡನೇ ಡ್ರೈಯರಿನ ಮೋಟರು 0.6. ಹಾಳೆ ಅಂಟಿಸಿದೆ. ಮ್ಯಾನೇಜರಿಗೆ ಸಿಟ್ಟು ಬಂತು, ಆದರೆ ಹಣ್ಣು ತಗೊಳ್ಳುವುದನ್ನು ನಿಲ್ಲಿಸಿದ್ದಾರೆ. ನಿನ್ನೆಯಿಂದ ಬಲ್ಬು ಉರಿಸುತ್ತಿದ್ದೇನೆ. ಇವತ್ತು ಬೆಳಗ್ಗೆ ನೋಡಿದರೆ 0.3ಕ್ಕೆ ಇಳಿದಿದೆ. ನಾನೇ ಏನಾದರೂ ಹಾಳುಮಾಡಿದೆನಾ? ದಯವಿಟ್ಟು ಬೇಗ ಹೇಳಿ ಅಣ್ಣ, ಸಂಜೆ ಮತ್ತೆ ಇಲ್ಲಿ ಹತ್ತಿ ಬರುತ್ತೇನೆ.

ಚೆಟ್ಟಳ್ಳಿ ತೋಟದವ

ಹಾಳಾಗಿಲ್ಲ, ಹೆದರಬೇಡ. ಬಿಸಿಯಾದಾಗ ಮೊದಲು ಅಂಕಿ ಇಳಿಯುತ್ತೆ, ಒಳಗಿನ ತೇವ ಹೊರಗೆ ಬರುತ್ತಿರುವಾಗ ಹಾಗೇ. ಕೆಳಗೆ ಹೋಗಿ ಸ್ವಲ್ಪ ನಿಂತು, ಆಮೇಲೆ ಏರುತ್ತೆ. ಬಲ್ಬು ತೆಗೆಯಬೇಡ. ಗೋಣಿಯ ಒಂದು ತುದಿ ಸ್ವಲ್ಪ ಎತ್ತಿಡು, ಆವಿ ಹೋಗಲು ದಾರಿ ಬೇಕು. ನಾಲ್ಕು ಗಂಟೆಗೊಮ್ಮೆ ಅಳೆದು ಅದೇ ಹಾಳೆಯಲ್ಲಿ ಬರೆ, ಮ್ಯಾನೇಜರೂ ಏರುವುದನ್ನು ನೋಡಲಿ.

ಶನಿವಾರಸಂತೆಯವಳು

ನಿನ್ನೆ ರಾತ್ರಿ 10ಕ್ಕೆ 0.4. ನಡುರಾತ್ರಿ 2ಕ್ಕೆ 0.9. ರಾತ್ರಿ ಕಾವಲಿನ ಅಜ್ಜ ಟಾರ್ಚ್ ಹಿಡಿದರು. ಬೆಳಗ್ಗೆ 6ಕ್ಕೆ, ಇವರ ಲೆಕ್ಕದಲ್ಲಿ 12ಕ್ಕೆ, 2.8. ಬಲ್ಬು ತೆಗೆದು, ತಣ್ಣಗಾದ ಮೇಲೆ ಇನ್ನೊಮ್ಮೆ ಹಾಕಿದೆ, 6 ದಾಟಿತು. ಖಾಲಿ ಡ್ರಮ್ಮನ್ನು ಒಂದು ಗಂಟೆ ತಿರುಗಿಸಿದೆ, ಮೂರು ಫೇಸಿನಲ್ಲೂ ಆಂಪ್ಸ್ ಸಮ ಇದೆ. ಬೀಗದ ಕೀಲಿ ಕುತ್ತಿಗೆಯ ದಾರದಲ್ಲಿದೆ.

ಇವತ್ತು ಸಂಜೆ ಹಣ್ಣು ತಗೊಳ್ಳುತ್ತೇವೆ ಅಂತ ಮ್ಯಾನೇಜರು ಊರಿಗೆ ಹೇಳಿಕಳಿಸಿದ್ದಾರೆ.